ಸತ್ತವನು ಮರಳಿ ಬಾರದ ಕಥೆ

ಜಪಾನಿನ ಅನಿಮೆ ಎಂಬ ಚಿತ್ರಕಥೆಗಳು ದೂರದರ್ಶನದಲ್ಲಿ ವರ್ಷಗಟ್ಟಲೆ ಸಾಗುತ್ತವೆ. ನಮ್ಮ ಮಕ್ಕಳೂ ಅವನ್ನು ನೋಡುವುದರಿಂದ, ಅಲ್ಲಿ ಸಾವನ್ನು ಹೇಗೆ ಕಾಣಿಸುತ್ತಾರೆಂಬುದನ್ನು ಹಿರಿಯರು ಗಮನಿಸತಕ್ಕದ್ದು.

1989ರಿಂದ 1996ರವರೆಗೆ ಪ್ರಸಾರವಾದ ‘ಡ್ರ್ಯಾಗನ್ ಬಾಲ್ ಝಡ್’ನಲ್ಲಿ ಏಳು ಗೋಳಗಳನ್ನು ಕೂಡಿಸಿ ದಿವ್ಯಸರ್ಪವನ್ನು ಕರೆದರೆ ಮಡಿದವರು ಎದ್ದು ಬರುತ್ತಾರೆ. ಭೂಮಿಯ ಸರ್ಪವು ಒಬ್ಬನನ್ನು ಒಮ್ಮೆ ಮಾತ್ರ ಬದುಕಿಸಬಲ್ಲದೆಂಬ ಕಟ್ಟಳೆಯೇನೋ ಉಂಟು. ಅದನ್ನು ಮೀರಲು ಬೇರೊಂದು ಗ್ರಹದ ಸರ್ಪವನ್ನೂ ಕಥೆ ಒದಗಿಸಿಕೊಟ್ಟಿತು! ನೋಡುವ ಮಗು ಅಳುವ ಬದಲು ಗೋಳಗಳನ್ನು ಎಣಿಸತೊಡಗುತ್ತದೆ. ಅಜ್ಜನನ್ನು ಕಳೆದುಕೊಂಡ ಮಗುವಿಗೆ ಈ ಲೆಕ್ಕ ಉಪಯೋಗಕ್ಕೆ ಬಾರದು.

1999ರಲ್ಲಿ ಆರಂಭವಾಗಿ ಸಾವಿರ ಕಂತುಗಳನ್ನು ಮೀರಿದ ‘ಒನ್ ಪೀಸ್’ನಲ್ಲಿಯೂ ಸತ್ತರೆಂದು ತಿಳಿದವರು ಬದುಕಿ ಬರುವುದುಂಟು, ಆ ಚಪಲ ನನಗೆ ಒಪ್ಪಿಗೆಯಿಲ್ಲ. ಆದರೆ 2011ರಲ್ಲಿ ಪ್ರಸಾರವಾದ ಕಂತೊಂದರಲ್ಲಿ, ಒಡಹುಟ್ಟದಿದ್ದರೂ ತಮ್ಮನೆಂದೇ ನಂಬಿದ ಲುಫಿಯನ್ನು ಕಾಪಾಡಲು ಅಡ್ಡ ನಿಂತ ಏಸ್, ಅವನ ತೋಳಿನಲ್ಲಿಯೇ ಪ್ರಾಣಬಿಟ್ಟನು. ಅವನು ಮರಳಲಿಲ್ಲ. ಕಥೆಯೂ ಅವಸರಪಡಲಿಲ್ಲ. ಅವರಿಬ್ಬರ ಬಾಲ್ಯವನ್ನು ವಿವರವಾಗಿ ಹೇಳಿದ್ದು ಸಾವಿನ ನಂತರ, ಹಲವು ಕಂತುಗಳಲ್ಲಿ. ಮನೆಯವರೊಬ್ಬರು ತೀರಿಕೊಂಡಾಗ ನಾವೂ ಜಗಲಿಯಲ್ಲಿ ಕುಳಿತು ಹಳೆಯದನ್ನು ನೆನೆಯುವುದಿಲ್ಲವೆ?

ಲುಫಿ ಕಾಡಿನಲ್ಲಿ ಮರಬಂಡೆಗಳನ್ನು ಗುದ್ದಿ, ಮೈಯೆಲ್ಲ ಗಾಯಮಾಡಿಕೊಂಡು ಗೋಳಾಡುತ್ತಾನೆ. ಜೊತೆಗಿದ್ದ ಜಿನ್ಬೆ ಅವನನ್ನು ಬಲವಂತವಾಗಿ ತಡೆದು, ಹೋದದ್ದನ್ನು ಬಿಟ್ಟು ನಿನಗೇನು ಉಳಿದಿದೆಯೆಂದು ನೋಡು ಎನ್ನುತ್ತಾನೆ. ಆಗ ಲುಫಿ, ಅಳುತ್ತಲೇ, ತನ್ನ ಹಡಗಿನ ಸಂಗಾತಿಗಳನ್ನು ಒಂದೊಂದೇ ಬೆರಳಿನಲ್ಲಿ ಎಣಿಸತೊಡಗುತ್ತಾನೆ.