ರ್‍ಯಾಮ್‌ನಲ್ಲಿಟ್ಟ ಮಾತ್ರಕ್ಕೆ ವೇಗ ಬಾರದು

2014ರಲ್ಲಿ ಐಆರ್‌ಸಿಟಿಸಿಯ ಇ-ಟಿಕೆಟ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದಾಗ, ನಿಮಿಷಕ್ಕೆ 2,000 ಟಿಕೆಟ್‌ಗಳ ಸಾಮರ್ಥ್ಯ 7,200ಕ್ಕೆ ಏರಿತು. ಅದರೊಳಗೆ ದುಡಿದದ್ದು ಜೆಮ್‌ಫೈರ್ ಎಂಬ ಇನ್-ಮೆಮೊರಿ ಡೇಟಾ ಗ್ರಿಡ್: ಹಲವು ಸರ್ವರ್‌ಗಳ ರ್‍ಯಾಮ್ ಅನ್ನು ಒಂದೇ ಉಗ್ರಾಣದಂತೆ ಬಳಸುವ ತಂತ್ರ. (ವೇಟಿಂಗ್ ಲಿಸ್ಟ್ ಕರಗಲಿಲ್ಲ, ಬಿಡಿ, ಸಾಫ್ಟ್‌ವೇರ್ ಬರ್ತ್ ಹೆರುವುದಿಲ್ಲ.) ಈ ತಂತ್ರದ ಬಗ್ಗೆ ಮೂರು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಕರೆಂಟ್ ಹೋದರೆ ಡೇಟಾವೂ ಹೋಯಿತು.

ಒಂದು ಯಂತ್ರ ಕೆಟ್ಟರೆ ಏನೂ ಹೋಗದು. ಹೇಜಲ್‌ಕಾಸ್ಟ್ ಎಂಬ ಇನ್ನೊಂದು ಗ್ರಿಡ್ ಸಾಮಾನ್ಯವಾಗಿ ಡೇಟಾವನ್ನು 271 ಭಾಗಗಳಾಗಿ ಹಂಚಿ, ಪ್ರತಿ ಭಾಗದ ಒಂದು ಪ್ರತಿಯನ್ನು ಬೇರೊಂದು ಯಂತ್ರದಲ್ಲಿಡುತ್ತದೆ. ಎರಡೂ ಯಂತ್ರಗಳು ಒಟ್ಟಿಗೆ ಬಿದ್ದರೆ ನಷ್ಟ ಖಂಡಿತ. ಆ ಭಯವಿದ್ದವರಿಗೆ ಅಪಾಚೆ ಇಗ್ನೈಟ್‌ನಂಥ ಗ್ರಿಡ್‌ಗಳು ಡಿಸ್ಕ್‌ಗೂ ಬರೆದಿಡುತ್ತವೆ.

ತಪ್ಪು ಕಲ್ಪನೆ: ರ್‍ಯಾಮ್ ವೇಗದ್ದು, ಆದ್ದರಿಂದ ಗ್ರಿಡ್ಡೂ ವೇಗದ್ದು.

ಹೆಚ್ಚಿನ ಹಣ ಪೋಲಾಗುವುದು ಈ ನಂಬಿಕೆಯಿಂದಲೇ ಎನ್ನುವುದು ನನ್ನ ಅನಿಸಿಕೆ. ರ್‍ಯಾಮ್ ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಆದರೆ ಬೇಕಾದ ಡೇಟಾ ಪಕ್ಕದ ಸರ್ವರ್‌ನಲ್ಲಿದ್ದರೆ ನೆಟ್‌ವರ್ಕ್‌ನಲ್ಲಿ ಹೋಗಿಬರಲು ಅರ್ಧ ಮಿಲಿಸೆಕೆಂಡ್ ಹಿಡಿಯಬಹುದು. ಅಂದರೆ 5,000 ಪಟ್ಟು. ಲಕ್ಷ ಖಾತೆಗಳನ್ನು ಒಂದೊಂದಾಗಿ ತರಿಸಿ ಕೂಡಿದರೆ ದಾರಿಯಲ್ಲೇ 50 ಸೆಕೆಂಡ್ ಕಳೆಯಿತು! ಅದರ ಬದಲು ಲೆಕ್ಕವನ್ನೇ ಡೇಟಾ ಇರುವಲ್ಲಿಗೆ ಕಳಿಸಬೇಕು. ಪ್ರತಿ ಯಂತ್ರವೂ ತನ್ನ ಪಾಲನ್ನು ಕೂಡಿ ಒಂದೇ ಒಂದು ಮೊತ್ತವನ್ನು ಹಿಂತಿರುಗಿಸುತ್ತದೆ. ಖಾತೆಯನ್ನೂ ವಹಿವಾಟನ್ನೂ ಜೋಡಿಸುವ ಲೆಕ್ಕ ಹೀಗೆ ನಡೆಯಬೇಕಾದರೆ ಒಬ್ಬ ಗ್ರಾಹಕನ ಖಾತೆ, ಅವನ ವಹಿವಾಟು ಎಲ್ಲವೂ ಒಂದೇ ಭಾಗದಲ್ಲಿ ಬೀಳುವಂತೆ ಭಾಗವನ್ನು ನಿರ್ಧರಿಸುವ ಕೀಲಿಯನ್ನು ಮೊದಲೇ ಆರಿಸಿರಬೇಕು. ಸರ್ವರ್ ಮೇಲೆ ಸರ್ವರ್ ಕೊಳ್ಳುವವರು ಬಿಟ್ಟುಬಿಡುವ ಕೆಲಸ ಇದೇ. ಇದನ್ನು ಮಾಡದಿದ್ದರೆ ಗ್ರಿಡ್ ದುಬಾರಿ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಆಗಿ ಉಳಿಯುತ್ತದೆ.

ಕಾರ್ಡ್ ವಂಚನೆ ಪತ್ತೆಯಲ್ಲಿ ಈ ಜೋಡಣೆಯ ಉಪಯೋಗ ಎದ್ದು ಕಾಣುತ್ತದೆ. ಕಾರ್ಡ್ ಉಜ್ಜಿದ ಕ್ಷಣದಲ್ಲೇ ಅದರ ಹಿಂದಿನ ವಹಿವಾಟುಗಳನ್ನು ನೋಡಿ ತೀರ್ಮಾನಿಸಬೇಕು. ಮುಂದೆ ಎಐ ಮಾದರಿಗಳಿಗೆ ತಾಜಾ ಮಾಹಿತಿ ಉಣಿಸುವುದಕ್ಕೂ ಇದೇ ಜೋಡಣೆ ಬೇಕಾಗುತ್ತದೆ.

ತಪ್ಪು ಕಲ್ಪನೆ: ಇನ್ನು ಡಿಸ್ಕ್‌ಗೆ ಕೆಲಸವಿಲ್ಲ.

ಕರೆಂಟ್ ಹೋದರೂ ಮರೆಯದ ಮೆಮೊರಿ ಎಂದು ಇಂಟೆಲ್ ತಂದ ಆಪ್ಟೇನ್ ಮೇಲೆ ಹಲವರು ಈ ಆಸೆ ಕಟ್ಟಿಕೊಂಡಿದ್ದರು. 2022ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಅಷ್ಟಕ್ಕೂ ಹತ್ತು ವರ್ಷ ಹಳೆಯ ರಸೀದಿಗಳನ್ನು ರ್‍ಯಾಮ್‌ನಲ್ಲಿಟ್ಟು ಬಾಡಿಗೆ ತೆರುವ ಅಗತ್ಯ ಯಾವ ಬ್ಯಾಂಕಿಗೂ ಇಲ್ಲ.