ಆರೋಗ್ಯ ದತ್ತಾಂಶ ವಿಜ್ಞಾನ ತರಬೇತಿ

ಆರೋಗ್ಯ ದತ್ತಾಂಶ ವಿಜ್ಞಾನ ತರಬೇತಿ ಎಂದರೆ ರೋಗ, ಚಿಕಿತ್ಸೆ, ಲಸಿಕೆ, ಜನನ, ಮರಣ ಮುಂತಾದವುಗಳ ದಾಖಲೆಗಳನ್ನು ಸಂಗ್ರಹಿಸಿ, ತಪ್ಪುಗಳನ್ನು ತಿದ್ದಿ, ವಿಶ್ಲೇಷಿಸಿ, ಅವುಗಳಿಂದ ದೊರೆತ ತಿಳಿವಳಿಕೆಯನ್ನು ಆರೋಗ್ಯ ಸೇವೆಗೆ ಬಳಸಬಲ್ಲ ಸಿಬ್ಬಂದಿಯನ್ನು ಸಿದ್ಧಗೊಳಿಸುವ ಶಿಕ್ಷಣ. ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ ಮತ್ತು ಸಾಂಕ್ರಾಮಿಕ ರೋಗಶಾಸ್ತ್ರಗಳು ಇದರ ಮೂಲಾಧಾರಗಳು. ಇವುಗಳ ಜೊತೆಗೆ ದಾಖಲೆ ಹುಟ್ಟುವ ಸ್ಥಳದ ಪರಿಚಯವೂ ಬೇಕು. ಕರ್ನಾಟಕದಲ್ಲಿ ಈ ಅಗತ್ಯವು ಸ್ಪಷ್ಟವಾಗಿ ಕಾಣುವುದು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ಮಂಗನ ಕಾಯಿಲೆಯ ದಾಖಲೆಗಳ ಸಂದರ್ಭದಲ್ಲಿ.

ಹಿನ್ನೆಲೆ

ಹೆಸರು ಹೊಸದಾದರೂ ಕೆಲಸ ಹಳೆಯದು. 1959ರಲ್ಲಿ ಸ್ಥಾಪಿತವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಜಿಲ್ಲಾ ಕ್ಷಯ ಕಾರ್ಯಕ್ರಮಕ್ಕಾಗಿ ತಂಡಗಳಿಗೆ ತರಬೇತಿ ನೀಡುತ್ತಿತ್ತು. ಆ ತಂಡಗಳಲ್ಲಿ ವೈದ್ಯಾಧಿಕಾರಿ ಮತ್ತು ಪ್ರಯೋಗಾಲಯ ತಂತ್ರಜ್ಞರ ಜೊತೆಗೆ ಒಬ್ಬ ಸಂಖ್ಯಾಶಾಸ್ತ್ರ ಸಹಾಯಕನಿಗೂ ಸ್ಥಾನವಿತ್ತು. 1982ರಲ್ಲಿ ಕಿದ್ವಾಯಿ ಸಂಸ್ಥೆಯಲ್ಲಿ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದರ ಸಿಬ್ಬಂದಿ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ತಾವೇ ಹೋಗಿ ಕಡತಗಳಿಂದ ವಿವರಗಳನ್ನು ಬರೆದುಕೊಳ್ಳುತ್ತಿದ್ದರು. ಒಬ್ಬನೇ ರೋಗಿ ಮೂರು ಆಸ್ಪತ್ರೆಗಳಿಗೆ ಹೋಗಿದ್ದರೆ ಮೂವರೆಂದು ಎಣಿಸದೆ ಒಬ್ಬನೆಂದೇ ಗುರುತಿಸುವುದು ಈ ಕೆಲಸದ ಮುಖ್ಯ ಕೌಶಲ.

ಕೇಂದ್ರ ಸರ್ಕಾರದ ಸಮಗ್ರ ರೋಗ ಕಣ್ಗಾವಲು ಯೋಜನೆ 2004ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಆರೋಗ್ಯ ಕಾರ್ಯಕರ್ತೆಯರು ಲಕ್ಷಣಗಳನ್ನೂ, ವೈದ್ಯರು ಶಂಕಿತ ರೋಗವನ್ನೂ, ಪ್ರಯೋಗಾಲಯಗಳು ದೃಢಪಟ್ಟ ಫಲಿತಾಂಶವನ್ನೂ ಬೇರೆ ಬೇರೆ ನಮೂನೆಗಳಲ್ಲಿ ವಾರಕ್ಕೊಮ್ಮೆ ಕಳುಹಿಸುತ್ತಿದ್ದರು. 2021ರಲ್ಲಿ ಸಮಗ್ರ ಆರೋಗ್ಯ ಮಾಹಿತಿ ವೇದಿಕೆ ದೇಶದಾದ್ಯಂತ ಆರಂಭವಾದ ಮೇಲೆ ಈ ವಿವರಗಳು ಟ್ಯಾಬ್ಲೆಟ್ ಮತ್ತು ಗಣಕಗಳ ಮೂಲಕ ಅಂದಂದೇ ಸೇರತೊಡಗಿದವು. ವೇಗ ಹೆಚ್ಚಿತು. ಆದರೆ ಬರೆಯುವಾಗ ಆದ ತಪ್ಪೂ ಅದೇ ವೇಗದಲ್ಲಿ ಮೇಲಕ್ಕೆ ಹೋಗುತ್ತದೆ.

ಮಂಗನ ಕಾಯಿಲೆಯ ದಾಖಲೆಗಳು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದೂ ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡುದೂ ಒಟ್ಟಿಗೆ ಗಮನಕ್ಕೆ ಬಂದುದರಿಂದಲೇ ಈ ರೋಗ ಪತ್ತೆಯಾಯಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರವು ವೈರಾಣುವನ್ನು ಗುರುತಿಸಿತು. ರೋಗವನ್ನು ಹರಡುವುದು ಉಣುಗು. ಮಳೆಗಾಲ ಕಳೆದ ಮೇಲೆ ಉಣುಗಿನ ಮರಿಗಳು ಹೆಚ್ಚುವುದರಿಂದ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅಪಾಯ ಅಧಿಕ. ದರಗು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಜನರು ಕಾಡಿಗೆ ಹೋಗುವ ಕಾಲವೂ ಅದೇ. ಸೋಂಕಿತರಲ್ಲಿ ಶೇ. 3ರಿಂದ 5ರಷ್ಟು ಮಂದಿ ಮರಣ ಹೊಂದುತ್ತಾರೆ. 2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ರೋಗವು ಉಲ್ಬಣಿಸಿ ಹಲವರು ಮೃತಪಟ್ಟರು.

ಈ ರೋಗದ ದತ್ತಾಂಶ ಒಂದೇ ಕಡೆ ಹುಟ್ಟುವುದಿಲ್ಲ. ಮನುಷ್ಯರ ಜ್ವರದ ವಿವರ ಆರೋಗ್ಯ ಇಲಾಖೆಗೆ ಸೇರಿದ್ದು. ಮಂಗದ ಸಾವನ್ನು ಮೊದಲು ಕಾಣುವವರು ಹಳ್ಳಿಗರು ಅಥವಾ ಅರಣ್ಯ ಸಿಬ್ಬಂದಿ, ಶವಪರೀಕ್ಷೆ ಪಶುವೈದ್ಯರದು, ಉಣುಗಿನ ಪರೀಕ್ಷೆ ಪ್ರಯೋಗಾಲಯದ್ದು. ಇವೆಲ್ಲವನ್ನೂ ಒಂದೇ ನಕ್ಷೆಯ ಮೇಲೆ ತರಬಲ್ಲವರು ಇದ್ದಾಗ ಮಾತ್ರ ಮಂಗದ ಸಾವು ಮುನ್ನೆಚ್ಚರಿಕೆಯಾಗುತ್ತದೆ. ಹಾಗೆಂದು ಮಂಗ ಸತ್ತ ವರದಿ ಇಲ್ಲದ ಕಡೆ ಅಪಾಯವಿಲ್ಲವೆಂದು ತಿಳಿಯುವುದು ತಪ್ಪು. ಯಾರೂ ಕಾಣದಿದ್ದುದಕ್ಕೂ ಏನೂ ಆಗದಿದ್ದುದಕ್ಕೂ ಪಟ್ಟಿಯಲ್ಲಿ ಒಂದೇ ಸೊನ್ನೆ ಇರುತ್ತದೆ.

ದಿನಾಂಕದ ವಿಷಯದಲ್ಲಿಯೂ ಎಚ್ಚರ ಬೇಕು. ಜ್ವರ ಬಂದ ದಿನ, ರಕ್ತದ ಮಾದರಿ ತೆಗೆದ ದಿನ, ವರದಿ ಬಂದ ದಿನ ಇವು ಮೂರು. ಹೊಸಬರು ವರದಿಯ ದಿನವನ್ನೇ ಹಿಡಿದು ರೇಖಾಚಿತ್ರ ಬಿಡಿಸಿದರೆ ರೋಗದ ಏರಿಳಿತದ ಬದಲು ಪ್ರಯೋಗಾಲಯದ ಕೆಲಸದ ಏರಿಳಿತ ಕಾಣುತ್ತದೆ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯೂ ಅನಂತರ ಪ್ರತಿಕಾಯ ಪರೀಕ್ಷೆಯೂ ಉಪಯುಕ್ತವಾದುದರಿಂದ, ಫಲಿತಾಂಶವನ್ನು ಅರ್ಥೈಸಲು ಸಹ ಮೊದಲ ದಿನಾಂಕ ಬೇಕು.

ಊರ ಹೆಸರಿನ ತೊಡಕು

ಹೊಸನಗರ ತಾಲ್ಲೂಕಿನ ಹುಂಚ ಜೈನ ಕ್ಷೇತ್ರವೆಂದು ಪ್ರಸಿದ್ಧ. ಸಾಂತರ ಅರಸರ ರಾಜಧಾನಿಯಾಗಿದ್ದ ಊರು. ಶಾಸನಗಳಲ್ಲಿ ಅದು ಪೊಂಬುಚ್ಚ, ಭಕ್ತರ ಬಾಯಲ್ಲಿ ಹೊಂಬುಜ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಂಚದಕಟ್ಟೆ ಎಂಬ ಬೇರೆ ಊರಿದೆ. ರೋಗಿಯೊಬ್ಬನ ವಿಳಾಸವನ್ನು ಒಬ್ಬರು ಹುಂಚ ಎಂದೂ ಇನ್ನೊಬ್ಬರು ಹೊಂಬುಜ ಎಂದೂ ಬರೆದರೆ ಗಣಕವು ಅವನ್ನು ಎರಡು ಊರುಗಳೆಂದು ಎಣಿಸುತ್ತದೆ. ಅಕ್ಷರಗಳ ಹೋಲಿಕೆಯಿಂದ ಹೆಸರುಗಳನ್ನು ಸೇರಿಸುವ ಕ್ರಮವಿಧಿಯನ್ನು ಹಚ್ಚಿದರೆ ಹುಂಚ ಮತ್ತು ಹುಂಚದಕಟ್ಟೆಗಳು ಒಂದಾಗಿ ಹೊಂಬುಜ ಹೊರಗುಳಿಯುವ ಸಂಭವವುಂಟು. ಅಪಾಯದ ಹಳ್ಳಿಗಳ ಪಟ್ಟಿ ಈ ಲೆಕ್ಕದಿಂದಲೇ ಸಿದ್ಧವಾಗುವುದಾದರೆ ಉಣುಗು ನಿವಾರಕ ತೈಲ ತಪ್ಪು ಊರಿಗೆ ಹೋಗುತ್ತದೆ.

ಪ್ರತಿ ಕಂದಾಯ ಗ್ರಾಮಕ್ಕೆ ಸರ್ಕಾರ ನೀಡಿರುವ ಸಂಕೇತ ಸಂಖ್ಯೆಯನ್ನು ಬಳಸುವುದು ಇದಕ್ಕೆ ಪರಿಹಾರ. ಅದೂ ಅರ್ಧ ಪರಿಹಾರವೇ. ಮಲೆನಾಡಿನಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದು ಗ್ರಾಮದ ಕೇರಿಗಳ ನಡುವೆ ಕಾಡು, ಗುಡ್ಡ, ಅಡಿಕೆ ತೋಟಗಳಿರುತ್ತವೆ. ಕೇರಿಗೆ ಸಂಕೇತ ಸಂಖ್ಯೆ ಇಲ್ಲ. ಇದಲ್ಲದೆ ರೋಗಿಯು ವಾಸಿಸುವ ಸ್ಥಳ ಬೇರೆ, ಉಣುಗು ಕಚ್ಚಿದ ಸ್ಥಳ ಬೇರೆಯಾಗಿರಬಹುದು. ಹೊರಗಿನಿಂದ ಬಂದ ತೋಟದ ಕಾರ್ಮಿಕರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಿಂದಿನ ವಾರ ಯಾವ ಕಾಡಿಗೆ ಹೋಗಿದ್ದಿರಿ ಎಂದು ಕೇಳಿ ಬರೆದುಕೊಳ್ಳದಿದ್ದರೆ ಮುಂದೆ ಯಾವ ವಿಶ್ಲೇಷಣೆಯೂ ಅದನ್ನು ಹುಡುಕಿ ಕೊಡಲಾರದು.

ವಯಸ್ಸಿನ ಕಾಲಮಿನಲ್ಲಿಯೂ ಇಂಥದೇ ತೊಂದರೆ. ಹಿರಿಯರ ವಯಸ್ಸು 50, 60, 70 ಎಂದು ದುಂಡಾಗಿ ನಿಲ್ಲುತ್ತದೆ. ಶಾಲಾ ದಾಖಲಾತಿ ಪುಸ್ತಕಗಳಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟಿದ್ದಾರೆಂಬುದು ಉಪಾಧ್ಯಾಯರಾಗಿದ್ದವರಿಗೆಲ್ಲ ಗೊತ್ತು.

ಲಸಿಕೆಯ ಲೆಕ್ಕ

ಮಂಗನ ಕಾಯಿಲೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ ಕೊಟ್ಟು, 6ರಿಂದ 9 ತಿಂಗಳ ಬಳಿಕ ಬಲವರ್ಧಕವನ್ನೂ ಅನಂತರ ವರ್ಷಕ್ಕೊಮ್ಮೆ ಮತ್ತೊಂದನ್ನೂ ಕೊಡುವ ಕ್ರಮವಿತ್ತು. ಒಬ್ಬ ವ್ಯಕ್ತಿಯ ಲಸಿಕೆಯ ವಿವರ ಹಲವು ವರ್ಷಗಳ ಹಲವು ಪುಸ್ತಕಗಳಲ್ಲಿ ಹರಡಿರುತ್ತಿತ್ತು. 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಎರಡು ಡೋಸುಗಳ ಪರಿಣಾಮಕತ್ವ ಸುಮಾರು ಶೇ. 62, ಬಲವರ್ಧಕ ಪಡೆದವರಲ್ಲಿ ಸುಮಾರು ಶೇ. 83 ಎಂದು ತೋರಿಸಿತು. ಲಸಿಕೆ ಪಡೆದವರ ಪ್ರಮಾಣವೇ ಕಡಿಮೆ ಎಂಬುದೂ ಬೆಳಕಿಗೆ ಬಂದಿತು. 2022ರಲ್ಲಿ ಈ ಲಸಿಕೆಯ ಬಳಕೆ ನಿಂತಿತು. ಹೊಸ ಲಸಿಕೆಯೊಂದು ಬಂದಾಗ ಅದು ಎಷ್ಟು ಫಲಕಾರಿ ಎಂಬುದನ್ನು ಅಳೆಯಲು ಬೇಕಾಗುವುದು ಇದೇ ಬಗೆಯ ಲೆಕ್ಕ.

ತರಬೇತಿ ಸಂಸ್ಥೆಗಳು

ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು 2001ರಿಂದ ಕ್ಷೇತ್ರ ಸಾಂಕ್ರಾಮಿಕ ರೋಗಶಾಸ್ತ್ರದ ತರಬೇತಿ ನೀಡುತ್ತಿದೆ. ಸೇವೆಯಲ್ಲಿರುವ ವೈದ್ಯರು ತಮ್ಮ ಜಿಲ್ಲೆಯ ದತ್ತಾಂಶವನ್ನೇ ವಿಶ್ಲೇಷಿಸಿ ಕಲಿಯುವುದು ಇದರ ಕ್ರಮ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ ಇಂಥದೇ ಎರಡು ವರ್ಷಗಳ ತರಬೇತಿ 2012ರಲ್ಲಿ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೀವಸಂಖ್ಯಾಶಾಸ್ತ್ರ ವಿಭಾಗವಿದೆ. ಅಲ್ಲಿಯ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಇ-ಆರೋಗ್ಯ ಸಂಶೋಧನಾ ಕೇಂದ್ರವಿದೆ. ಮಣಿಪಾಲದ ಪ್ರಸನ್ನ ಸಾರ್ವಜನಿಕ ಆರೋಗ್ಯ ಶಾಲೆಯೂ ಈ ಕ್ಷೇತ್ರದಲ್ಲಿ ಬೋಧಿಸುತ್ತದೆ.

ಆರ್, ಪೈಥಾನ್‌ನಂತಹ ಗಣಕ ಭಾಷೆಗಳನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ದಾಖಲೆಯನ್ನು ಸಂಶಯದಿಂದ ಓದುವ ಅಭ್ಯಾಸಕ್ಕೆ ಹೆಚ್ಚು ಕಾಲ ಬೇಕು. ಮಂಗನ ಕಾಯಿಲೆಯ ಅಪಾಯದ ನಕ್ಷೆಯನ್ನು ರಚಿಸಿದ ಭಾರತ-ಬ್ರಿಟನ್ ಸಂಶೋಧಕರ ತಂಡವು ಆರೋಗ್ಯ, ಪಶುವೈದ್ಯ ಮತ್ತು ಅರಣ್ಯ ಇಲಾಖೆಗಳ ಅನುಭವಿಗಳ ಜೊತೆ ಕುಳಿತು ಯಾವ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಿರ್ಧರಿಸಿತು. ನಿತ್ಯಹಸಿರು ಕಾಡು ಮತ್ತು ತೋಟಗಳು ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಅಪಾಯ ಅಧಿಕವೆಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸಿತು.

ಕ್ಷೇತ್ರ ಸಿಬ್ಬಂದಿ ಮತ್ತು ಗೋಪ್ಯತೆ

ಆಶಾ ಮತ್ತು ಆರೋಗ್ಯ ಕಾರ್ಯಕರ್ತೆಯರಿಗೆ ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟರೆ ಸಾಲದು. ಆ ವಿವರ ಏಕೆ ಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಬೇಕು ಮತ್ತು ಅವರು ಕಳುಹಿಸಿದ ಅಂಕಿಗಳಿಂದ ಸಿದ್ಧವಾದ ನಕ್ಷೆಯನ್ನು ಅವರಿಗೇ ತೋರಿಸಬೇಕು. ತಮ್ಮ ಕೇರಿಯನ್ನು ನಕ್ಷೆಯಲ್ಲಿ ಕಂಡವರು ಅದು ತಪ್ಪು ಜಾಗದಲ್ಲಿದ್ದರೆ ತಟ್ಟನೆ ಹೇಳುತ್ತಾರೆ.

2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪರಿಚಯವೂ ಪಠ್ಯಕ್ರಮದಲ್ಲಿರಬೇಕು. ನಗರದಲ್ಲಿ ಹೆಸರನ್ನು ಅಳಿಸಿದರೆ ರೋಗಿಯ ಗುರುತು ಬಹುಮಟ್ಟಿಗೆ ಮರೆಯಾಗುತ್ತದೆ. ನಾಲ್ಕು ಮನೆಗಳ ಕೇರಿಯಲ್ಲಿ 45 ವರ್ಷದ ಮಹಿಳೆ ಎಂದರೆ ಊರಿಗೆಲ್ಲ ತಿಳಿಯುತ್ತದೆ. ಆದಕಾರಣ ಸಾರ್ವಜನಿಕ ನಕ್ಷೆಗಳಲ್ಲಿ ಕೇರಿಯ ಬದಲು ಗ್ರಾಮ ಪಂಚಾಯಿತಿಯ ಅಥವಾ ಆರೋಗ್ಯ ಕೇಂದ್ರದ ಮಟ್ಟದ ಮೊತ್ತವನ್ನು ತೋರಿಸುವುದು ಉಚಿತ; ಕೇರಿಯ ವಿವರ ಚಿಕಿತ್ಸೆ ಮತ್ತು ನಿಯಂತ್ರಣದ ಹೊಣೆ ಹೊತ್ತವರಲ್ಲಿ ಮಾತ್ರ ಉಳಿಯಬೇಕು.