ಅಂಚೆಪೆಟ್ಟಿಗೆಯ ಒಳಗಿನ ಲೆಕ್ಕ

ಡಿಸ್ಕಿನಲ್ಲಿ ಅರ್ಧ ಜಾಗ ಖಾಲಿ ಬಿದ್ದಿದೆ. ಆದರೂ ಸರ್ವರ್ ‘ಜಾಗವಿಲ್ಲ’ ಎನ್ನುತ್ತ ಹೊಸ ಇಮೇಲನ್ನು ಹೊರಗೇ ನಿಲ್ಲಿಸುತ್ತದೆ. ಸ್ವಂತ ಡೊಮೇನ್ ಹೆಸರಿನಲ್ಲಿ, ಬಾಡಿಗೆ ಸರ್ವರಿನ ಮೇಲೆ ಇಮೇಲ್ ನಡೆಸುವ ಕಚೇರಿಗಳು ಒಮ್ಮೊಮ್ಮೆ ಈ ವಿಚಿತ್ರವನ್ನು ಎದುರಿಸುತ್ತವೆ. ಸರ್ವರ್ ಗಿಗಾಬೈಟುಗಳ ಜೊತೆಗೆ ಕಡತಗಳ ತಲೆಯೆಣಿಕೆಯನ್ನೂ ಮಾಡುತ್ತಿರುತ್ತದೆ ಎಂಬುದೇ ಇದಕ್ಕೆ ಕಾರಣ. ಲಿನಕ್ಸ್‌ನಲ್ಲಿ ಪ್ರತಿ ಕಡತಕ್ಕೂ ‘ಐನೋಡ್’ ಎಂಬ ದಾಖಲೆಯೊಂದು ಬೇಕು. ಕಡತ ಯಾರದು, ಎಷ್ಟು ದೊಡ್ಡದು, ಡಿಸ್ಕಿನ ಯಾವ ಭಾಗದಲ್ಲಿದೆ ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಒಟ್ಟು ಎಷ್ಟು ಐನೋಡ್ ಎಂಬುದು ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿಬಿಡುತ್ತದೆ. ಸಾಲದ್ದಕ್ಕೆ ಎಷ್ಟೋ ಹೋಸ್ಟಿಂಗ್ ಸಂಸ್ಥೆಗಳು ಒಂದೊಂದು ಖಾತೆಗೂ ತಮ್ಮದೇ ಮಿತಿ ಹಾಕಿರುತ್ತವೆ. ಪತ್ರಕ್ಕೊಂದು ಕಡತ ಎಂಬ ಪದ್ಧತಿಯಲ್ಲಿ ಈ ಮಿತಿ ಬೇಗ ತುಂಬುತ್ತದೆ. ಆಗ ನಿರ್ವಾಹಕರು ಪತ್ರ ಕೂಡಿಡುವ ವಿಧಾನವನ್ನೇ ಬದಲಿಸಲು ಹೊರಡುತ್ತಾರೆ.

ಈ ವಿಧಾನಗಳಲ್ಲಿ ಮೂರು ಮುಖ್ಯ. ಒಂದೊಂದೂ ತನ್ನ ಹಿಂದಿನದರ ಒಂದು ತೊಂದರೆ ಕಳೆದು, ಬದಲಿಗೆ ಇನ್ನೊಂದನ್ನು ತಂದಿಟ್ಟಿದೆ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ ಅಂಚೆಪೆಟ್ಟಿಗೆಯೆಂದರೆ ಒಂದು ಕಡತ, ಅಷ್ಟೆ. ಬೇರೆಯವರು ಅದರ ಕೊನೆಗೆ ಸೇರಿಸಬಹುದಿತ್ತು, ಓದುವಂತಿರಲಿಲ್ಲ, ತಿದ್ದುವಂತಿರಲಿಲ್ಲ. ಯುನಿಕ್ಸ್ ಲೋಕದ ‘ಎಂಬಾಕ್ಸ್’ ಕೂಡ ಇದೇ ಜಾಡಿನದು. ಒಂದು ಫೋಲ್ಡರಿನ ಪತ್ರಗಳೆಲ್ಲ ಒಂದೇ ಕಡತದಲ್ಲಿ, ಹೊಲಿದ ದಫ್ತರದ ಹಾಳೆಗಳಂತೆ ಸಾಲಾಗಿರುತ್ತವೆ. ಕೊನೆಗೊಂದು ಹಾಳೆ ಸೇರಿಸುವುದು ಸಲೀಸು. ನಡುವಿನದನ್ನು ತೆಗೆಯಬೇಕೆಂದರೆ ಹೊಲಿಗೆ ಬಿಚ್ಚಲೇಬೇಕು: 2 ಜಿಬಿ ಕಡತದ ಮೊದಲ ಪತ್ರವನ್ನು ಅಳಿಸಿದರೆ ಉಳಿದದ್ದನ್ನೆಲ್ಲ ಸರಿಸಿ ಮತ್ತೆ ಬರೆಯಬೇಕಾಗುತ್ತದೆ. ಹೊಸ ಪತ್ರ ಬಂದು ಸೇರುವ ಹೊತ್ತಿಗೇ ನೀವೊಂದನ್ನು ಅಳಿಸಹೊರಟರೆ ಎರಡೂ ಬರಹಗಳು ಡಿಕ್ಕಿಯಾಗದಂತೆ ಕಡತಕ್ಕೆ ಬೀಗ ಬೇಕು. ಹಲವು ಯಂತ್ರಗಳು ಒಂದೇ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಹಂಚಿಕೊಂಡಲ್ಲಿ ಆ ಬೀಗವನ್ನು ನಂಬುವುದೇ ಕಷ್ಟವಾಗಿತ್ತು.

ಒಂದು ಪತ್ರ ಮುಗಿದು ಮುಂದಿನದು ಶುರುವಾಯಿತೆಂದು ಎಂಬಾಕ್ಸ್‌ಗೆ ತಿಳಿಯುವ ಬಗೆ ಇನ್ನೂ ತಮಾಷೆಯದು. ‘ಫ್ರಮ್’ ಎಂಬ ಇಂಗ್ಲಿಷ್ ಪದ, ಅದರ ನಂತರ ಒಂದು ತೆರಪು: ಸಾಲು ಹೀಗೆ ಆರಂಭವಾದರೆ ಅದು ಹೊಸ ಪತ್ರ. ಹಾಗಾದರೆ ಪತ್ರದ ಒಕ್ಕಣೆಯಲ್ಲೇ ಯಾರಾದರೂ ಆ ಪದದಿಂದ ಸಾಲು ಆರಂಭಿಸಿದರೆ? ಅಂಥ ಸಾಲಿನ ಮುಂದೆ ಬಾಣದ ಮೊನೆಯಂಥ ಚಿಹ್ನೆಯೊಂದನ್ನು ಸೇರಿಸುವ ರೂಢಿ ಬಂತು. ಹಳೆಯ ಪತ್ರಗಳಲ್ಲಿ ಅರ್ಥವಿಲ್ಲದೆ ಕಾಣುವ ಆ ಚಿಹ್ನೆ ಹುಟ್ಟಿದ್ದು ಹೀಗೆ. ಕನ್ನಡ ಪತ್ರಗಳು ಬಹುಮಟ್ಟಿಗೆ ಇದರಿಂದ ಪಾರು. ಯುನಿಕೋಡಿನ ಕನ್ನಡ ಸಂಕೇತಗಳು ಯುಟಿಎಫ್-8ರಲ್ಲಿ ಮೂರು ಮೂರು ಬೈಟುಗಳಾಗಿ, ಸಾಗಣೆಗೆಂದು ಬೇಸ್64 ರೂಪ ತಾಳಿದರೆ ಅಲ್ಲಿ ತೆರಪಿಗೆ ಜಾಗವೇ ಇರುವುದಿಲ್ಲ. ಎಂಬಾಕ್ಸ್ ಇನ್ನೂ ಬದುಕಿದೆ: ಜಿಮೇಲಿನ ಪತ್ರಗಳನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಂಡರೆ ಕೈಗೆ ಬರುವುದು ಅದೇ.

1990ರ ದಶಕದ ನಡುವಿನಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ತಮ್ಮ ‘ಕ್ಯೂಮೇಲ್’ ತಂತ್ರಾಂಶದ ಜೊತೆ ‘ಮೇಲ್‌ಡಿರ್’ ಪದ್ಧತಿ ತಂದರು. ಇಲ್ಲಿ ಬೀಗದ ಗೊಡವೆಯೇ ಇಲ್ಲ. ಪ್ರತಿ ಪತ್ರವೂ ಒಂದು ಕಡತ. ಪ್ರತಿ ಪೆಟ್ಟಿಗೆಯಲ್ಲೂ ಮೂರು ಕೋಶ: ಟೆಂಪ್, ನ್ಯೂ, ಕರ್. ಬರುತ್ತಿರುವ ಪತ್ರವನ್ನು ಟೆಂಪ್‌ನಲ್ಲಿ ಪೂರ್ತಿ ಬರೆದ ಮೇಲೆಯೇ ನ್ಯೂಗೆ ದಾಟಿಸುತ್ತಾರೆ. ಹೀಗಾಗಿ ನಡುವೆ ಕರೆಂಟು ಹೋದರೂ ಅರ್ಧ ಪತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ತಂತ್ರಾಂಶ ಅದನ್ನು ಕಂಡ ಮೇಲೆ ಪತ್ರ ಕರ್‌ಗೆ ಹೋಗುತ್ತದೆ. ಓದಿದ್ದಾಯಿತೆಂಬ ಗುರುತು ಕಡತದ ಹೆಸರಿನ ಬಾಲದಲ್ಲೇ ಇರುತ್ತದೆ: ‘ಎಸ್’ ಎಂದರೆ ನೋಡಿದ್ದು, ‘ಆರ್’ ಎಂದರೆ ಉತ್ತರಿಸಿದ್ದು. ಕೈತಪ್ಪಿ ಅಳಿಸಿದ ಒಂದು ಪತ್ರ ಮರಳಿ ಬೇಕಾದರೆ ಬ್ಯಾಕಪ್‌ನಿಂದ ಒಂದು ಕಡತ ನಕಲು ಮಾಡಿದರೆ ಆಯಿತು.

ಇದಕ್ಕೆ ತೆರುವ ಬೆಲೆ ಕಡತಗಳ ಸಂಖ್ಯೆ. 40 ಜನರ ಕಚೇರಿಯಲ್ಲಿ ತಲೆಗೆ 25,000 ಪತ್ರ ಎಂದಿಟ್ಟುಕೊಳ್ಳಿ: 10 ಲಕ್ಷ ಕಡತ, 10 ಲಕ್ಷ ಐನೋಡ್. ರಾತ್ರಿಯ ಬ್ಯಾಕಪ್ ಒಂದೊಂದನ್ನೂ ವಿಚಾರಿಸಿಕೊಂಡು ಹೋಗಬೇಕು. ಫಿನ್ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಹೊರತಂದ ‘ಡವ್‌ಕಾಟ್’ ಇಂದು ಬಹಳಷ್ಟು ಹೋಸ್ಟಿಂಗ್ ಸರ್ವರುಗಳಲ್ಲಿ ಪತ್ರಗಳನ್ನು ಒದಗಿಸುವ ತಂತ್ರಾಂಶ. ಅದರ ‘ಎಂಡಿಬಾಕ್ಸ್’ ಪದ್ಧತಿ ನಡುದಾರಿ ಹಿಡಿಯುತ್ತದೆ: ಕಡತವೊಂದಕ್ಕೆ ಸುಮಾರು 10 ಎಂಬಿ ತುಂಬುವವರೆಗೆ ಪತ್ರಗಳನ್ನು ಸೇರಿಸಿ, ಆಮೇಲೆ ಹೊಸ ಕಡತ ತೆರೆಯುತ್ತದೆ. ಸರಾಸರಿ ಪತ್ರ 50 ಕೆಬಿ ಎಂದುಕೊಂಡರೆ ಆ 10 ಲಕ್ಷ ಕಡತ ಸುಮಾರು 5,000ಕ್ಕೆ ಇಳಿಯುತ್ತದೆ. ಒಂದೇ ಪತ್ರವನ್ನು ಎರಡು ಫೋಲ್ಡರಿಗೆ ನಕಲಿಸಿದರೂ ಡಿಸ್ಕಿನಲ್ಲಿ ಒಂದೇ ಪ್ರತಿ ಉಳಿಯುತ್ತದೆ. ಆದರೆ ಯಾವ ಪತ್ರ ಯಾವ ಫೋಲ್ಡರಿನದು, ಓದಿದ್ದೋ ಓದದ್ದೋ ಎಂಬುದೆಲ್ಲ ಪ್ರತ್ಯೇಕ ಸೂಚಿಯಲ್ಲಿರುತ್ತದೆ. ಮೇಲ್‌ಡಿರ್‌ನಲ್ಲಿ ಸೂಚಿ ಕೆಟ್ಟರೆ ಅಳಿಸಿ ಮತ್ತೆ ಕಟ್ಟಿಕೊಳ್ಳಬಹುದು. ಇಲ್ಲಿ ಅಳಿಸಿದರೆ ಆ ಮಾಹಿತಿಗೆ ಬೇರೆ ನೆಲೆಯಿಲ್ಲ. ಪತ್ರ ಅಳಿಸಿದ ಕೂಡಲೇ ಡಿಸ್ಕ್ ಹಗುರಾಗುವುದೂ ಇಲ್ಲ. ‘ಪರ್ಜ್’ ಎಂಬ ಆಜ್ಞೆ ನಡೆದಾಗಲೇ ಜಾಗ ಬಿಡುಗಡೆ. ಅದನ್ನು ನಿಯಮಿತವಾಗಿ ನಡೆಸಬೇಕು.

ಈಗ ಬದಲಾವಣೆಯ ಮಾತು. ಪತ್ರದ ಪಠ್ಯ ಒಂದು ರೂಪದಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತದೆ. ಎಡವುವುದು ಪತ್ರದ ಸಂಖ್ಯೆಯಲ್ಲಿ. ಸರ್ವರಿನಲ್ಲಿರುವ ಪತ್ರಗಳನ್ನು ಫೋನು, ಕಂಪ್ಯೂಟರುಗಳಲ್ಲಿ ಓದಿಸುವ ‘ಐಮ್ಯಾಪ್’ ವಿಧಾನದ ನಿಯಮದಂತೆ ಫೋಲ್ಡರಿನ ಪ್ರತಿ ಪತ್ರಕ್ಕೂ ಏರುಕ್ರಮದ ‘ಯುಐಡಿ’ ಸಂಖ್ಯೆಯಿದೆ. ಒಮ್ಮೆ ಕೊಟ್ಟದ್ದನ್ನು ಮತ್ತೊಂದಕ್ಕೆ ಕೊಡುವಂತಿಲ್ಲ. ಇಡೀ ಫೋಲ್ಡರಿಗೆ ‘ಯುಐಡಿ ವ್ಯಾಲಿಡಿಟಿ’ ಎಂಬ ಇನ್ನೊಂದು ಸಂಖ್ಯೆಯಿದೆ. ನಿಮ್ಮ ಫೋನು ‘ಈ ಪತ್ರ ನನ್ನಲ್ಲಿದೆ’ ಎಂದು ತಿಳಿಯುವುದು ಇವೆರಡರಿಂದಲೇ. ಎರಡನೆಯದು ಬದಲಾದರೆ ಫೋನು ಕೂಡಿಟ್ಟದ್ದನ್ನೆಲ್ಲ ಎಸೆದು ಮೊದಲಿನಿಂದ ಇಳಿಸಿಕೊಳ್ಳಬೇಕು. ಪತ್ರಗಳನ್ನು ಸರ್ವರಿನಲ್ಲೇ ಬಿಟ್ಟು ‘ಪಾಪ್’ ಎಂಬ ಇನ್ನೊಂದು ವಿಧಾನದಲ್ಲಿ ಓದುವವರ ಪಾಡು ಇನ್ನೂ ಕೆಟ್ಟದ್ದು: ಓದಿದ ಹಳೆಯ ಪತ್ರಗಳೆಲ್ಲ ಹೊಸವಾಗಿ ಬಂದು ಸುರಿಯುತ್ತವೆ.

ಆದ್ದರಿಂದ ಪತ್ರಗಳನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬರಿದೆ ನಕಲಿಸುವುದು ಈ ಕೆಲಸಕ್ಕೆ ಸಲ್ಲದು. ಸೇರಿಸಿದ ಪ್ರತಿ ಪತ್ರಕ್ಕೂ ಸರ್ವರ್ ಹೊಸ ಸಂಖ್ಯೆ ಕೊಡುತ್ತದೆ. ಡವ್‌ಕಾಟಿನದೇ ಆದ ‘ಡಿಸಿಂಕ್’ ಉಪಕರಣ ಸಂಖ್ಯೆ, ಗುರುತುಗಳ ಸಮೇತ ದಾಟಿಸುತ್ತದೆ. ಸೀಪ್ಯಾನೆಲ್‌ನಂಥ ನಿಯಂತ್ರಣ ತಂತ್ರಾಂಶಗಳಲ್ಲಿ ಪರಿವರ್ತನೆಗೆ ಸಿದ್ಧ ಸೌಲಭ್ಯವೂ ಇದೆ. ಪಳಗಿದವರು ಇದನ್ನು ಎರಡು ಹಂತದಲ್ಲಿ ಮಾಡುತ್ತಾರೆ: ಹಳೆಯ ಪೆಟ್ಟಿಗೆ ಬಳಕೆಯಲ್ಲಿರುವಾಗಲೇ ಒಂದು ಸುತ್ತು, ಬಳಿಕ ವಿತರಣೆ ತಡೆದು ಅಷ್ಟರಲ್ಲಿ ಬದಲಾದದ್ದಕ್ಕಷ್ಟೇ ಚಿಕ್ಕ ಎರಡನೆಯ ಸುತ್ತು. ಆ ಬಿಡುವಿನಲ್ಲಿ ಬರುವ ಪತ್ರ ಕಳೆದುಹೋದೀತೆಂಬ ಭಯ ಬೇಡ. ತಾತ್ಕಾಲಿಕವಾಗಿ ತಡೆದ ಪತ್ರವನ್ನು ಕಳಿಸುವ ಸರ್ವರು ನಾಲ್ಕೈದು ದಿನವಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕೆಂಬುದು ಇಮೇಲ್ ಸಾಗಣೆಯ ನಿಯಮ.

ಮುಗಿದ ಮೇಲೆ ಪರೀಕ್ಷೆಯಲ್ಲಿ ಪತ್ರಗಳ ಎಣಿಕೆಯ ಜೊತೆಗೆ ಓದದ ಪತ್ರಗಳ ಎಣಿಕೆಯನ್ನೂ ತಾಳೆ ನೋಡಬೇಕು. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳನ್ನು ತೆರೆದೇ ನೋಡಬೇಕು. ಹಳೆಯ ಐಮ್ಯಾಪ್ ರೂಢಿಯಲ್ಲಿ ಅಂಥ ಹೆಸರುಗಳು ಡಿಸ್ಕಿನ ಮೇಲೆ ಇಂಗ್ಲಿಷ್ ಅಕ್ಷರಗಳ ಸಂಕೇತಸರಣಿಯಾಗಿ ಕೂತಿರುತ್ತವೆ; ಅರಿಯದೆ ಸಾಗಿಸಿದರೆ ಹೆಸರು ಕಲಸುಮೇಲೋಗರ. ಬ್ಯಾಕಪ್‌ನಲ್ಲಿ ಸೂಚಿಯೂ ಪತ್ರಗಳೂ ಒಟ್ಟಿಗೆ, ಒಂದೇ ಕ್ಷಣದ ಸ್ಥಿತಿಯಲ್ಲಿ ಸೇರುವಂತೆ ಏರ್ಪಾಡು ಮಾಡಬೇಕು. ಇಷ್ಟು ಶಿಸ್ತು ಸಾಧ್ಯವಿಲ್ಲದ ಚಿಕ್ಕ ಕಚೇರಿಗೆ ಮೇಲ್‌ಡಿರ್ ಬಿಡುವ ತುರ್ತೇನಿಲ್ಲ. ಹಳೆಯ ವರ್ಷಗಳ ಪತ್ರಗಳನ್ನು ಬೇರೆಡೆ ಕಾಪಿಟ್ಟರೆ ಐನೋಡ್ ಲೆಕ್ಕ ತಾನಾಗಿ ಇಳಿಯುತ್ತದೆ.